ಎರಡನೆಯ ಕೀ

ವಿಜಯಪುರ,
ದೇವನಹಳ್ಳಿ ತಾಲ್ಲೂಕು.
14-11-2024, ಗುರುವಾರ

ಪ್ರೀತಿಯ ಅತ್ತೆಗೆ ಶಶಿಯ ನಮಸ್ಕಾರಗಳು.

ಹೇಗಿದ್ದೀರಿ? ಮಂಡಿನೋವು ಹೇಗಿದೆ? ಸೂಲಿಬೆಲೆಯ ಬೆಳಗಿನ ಚಳಿ ನಮ್ಮೂರಿಗಿಂತ ಒಂದು ಕೈ ಜಾಸ್ತಿಯೇ. ನೀವು ಅಲ್ಲಿಯೂ ಕೋಳಿ ಕೂಗುವ ಮುಂಚೆ ಎದ್ದು ತಣ್ಣೀರಿನಲ್ಲಿ ಮಗಳ ಮನೆಯ ಅಂಗಳ ತೊಳೆಯುತ್ತಿರುತ್ತೀರಿ, ಯಾರು ಬೇಡವೆಂದರೂ ಕೇಳುವುದಿಲ್ಲ. ಭಾನುಪ್ರಿಯಾಗೆ ಹೇಳಿ ಹರಳೆಣ್ಣೆ ಬಿಸಿ ಮಾಡಿಸಿಕೊಂಡು ಮಂಡಿಗೆ ಹಚ್ಚಿಸಿಕೊಳ್ಳಿ. ಬಿಪಿ ಮಾತ್ರೆಯನ್ನು ಊಟದ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಳ್ಳಿ, ಇಲ್ಲದಿದ್ದರೆ "ಆಮೇಲ್ ತಗೋತೀನಿ ಬಿಡೇ" ಅಂತ ಸೆರಗಿನ ಗಂಟಿಗೆ ಕಟ್ಟಿ ಮರೆತೇಬಿಡುತ್ತೀರಿ. ಇಲ್ಲಿ ನಾವೆಲ್ಲರೂ ಚೆನ್ನಾಗಿದ್ದೇವೆ. ಚೆನ್ನಾಗಿದ್ದೇವೆ ಅಂದರೆ ಊಟ ಮಾಡುತ್ತಿದ್ದೇವೆ, ಮಲಗುತ್ತಿದ್ದೇವೆ. ನಿಮ್ಮ ಮಗ ನನ್ನ ಬಸ್ಸಾರಿಗೆ "ಅಮ್ಮ ಮಾಡ್ದಂಗಿಲ್ಲ" ಅಂತ ಮೂಗು ಮುರಿಯುತ್ತಲೇ ಎರಡು ಮುದ್ದೆ ಇಳಿಸುತ್ತಾರೆ. ದೀಪಾವಳಿಗೆ ಎಣ್ಣೆ ನೀರು ಹಾಕುವವರಿಲ್ಲದೆ ಅರ್ಪಿತ ಮುಖ ಊದಿಸಿಕೊಂಡಿದ್ದಳು. "ಅಜ್ಜಿ ಹಾಕಿದ್ರೇನೇ ಹಬ್ಬ" ಅಂತ ಹೇಳಿ ನನ್ನ ಕೈಗೆ ತಲೆ ಕೊಡಲಿಲ್ಲ.

ಫೋನು ಇರುವಾಗ ಕಾಗದ ಯಾಕೆ ಅಂತ ಕೇಳುತ್ತೀರೇನೋ. ಫೋನು ಮಾಡಿದರೆ ಎತ್ತುವುದು ಭಾನುಪ್ರಿಯಾ. "ಅಮ್ಮ ಮಲ್ಗವ್ರೆ ಅತ್ತಿಗೆ" ಅನ್ನುತ್ತಾಳೆ. ಬೆಳಗಿನ ಹೊತ್ತು ಮಲಗಿರುವ ಲಕ್ಕಮ್ಮನನ್ನು ಈ ತಾಲ್ಲೂಕಿನಲ್ಲಿ ಯಾರೂ ಕಂಡಿಲ್ಲ. ಅವಳು ಹಾಗೆ ಹೇಳುತ್ತಿರುವಾಗ ಹಿಂದುಗಡೆ ನೀವು ಕೆಮ್ಮುವುದು ನನಗೆ ಕೇಳಿಸುತ್ತದೆ. ಪಾಪ, ಅವಳಿಗೆ ಸುಳ್ಳು ಹೇಳಲೂ ಬರುವುದಿಲ್ಲ, ನಿಮ್ಮ ಮಾತು ಮೀರಲೂ ಬರುವುದಿಲ್ಲ. ಅದಕ್ಕೇ ಕಾಗದ. ಇದನ್ನು ಮಧ್ಯದಲ್ಲಿ ಕಟ್ ಮಾಡಲು ಆಗುವುದಿಲ್ಲ ನೋಡಿ. ಬಜ್ಜಿ ಕಟ್ಟಿಕೊಟ್ಟ ಪೇಪರನ್ನೂ ಬಿಡಿಸಿ ಓದುವವರು ನೀವು, ಸೊಸೆಯ ಕಾಗದವನ್ನು ಓದದೆ ಇರುತ್ತೀರಾ?

ಇನ್ನು ತಡೆದುಕೊಳ್ಳಲು ಆಗುವುದಿಲ್ಲ, ವಿಷಯ ಹೇಳಿಬಿಡುತ್ತೇನೆ. ಗಾಡಿ ಸರಿಹೋಯಿತು ಅತ್ತೆ! ದೆವ್ವವೂ ಅಲ್ಲ, ಮಾಟವೂ ಅಲ್ಲ, ನಾನೂ ಅಲ್ಲ! ಎಲ್ಲ ಒಂದು ಕಪ್ಪು ಡಬ್ಬಿಯ ಕೆಲಸ. ಸ್ಟೇರಿಂಗಿನ ಕೆಳಗೆ, ಕಾಲಿಡುವ ಜಾಗದ ಮೇಲುಗಡೆ, ಯಾರ ಕಣ್ಣಿಗೂ ಬೀಳದ ಹಾಗೆ ಅದು ಕೂತಿರುತ್ತದೆ. ನೋಡಿದರೆ ಶಾಲೆ ಮಕ್ಕಳ ಜಾಮಿಟ್ರಿ ಬಾಕ್ಸಿನಷ್ಟಿದೆ. ಆದರೆ ಬಾಗಿಲ ಲಾಕು, ಹಾರ್ನು, ವೈಪರ್ರು, ಇಂಡಿಕೇಟರ್ರು, ಒಳಗಿನ ಲೈಟು, ಕೀ ನಮ್ಮದೋ ಅಲ್ಲವೋ ಅಂತ ಗುರುತು ಹಿಡಿಯುವುದು, ಇಷ್ಟೆಲ್ಲದರ ಯಜಮಾನಿಕೆ ಅದರದು. ನಾವು ಗುಂಡಿ ಒತ್ತುವುದೆಲ್ಲ ಅದಕ್ಕೆ ಅರ್ಜಿ ಹಾಕಿದ ಹಾಗೆ ಅಷ್ಟೇ. ಹಾರ್ನ್ ಹೊಡೆಯಬೇಕೋ ಬೇಡವೋ ಅಂತ ತೀರ್ಮಾನ ಮಾಡುವುದು ಡಬ್ಬಿ, ನಮ್ಮ ಮನೆಯಲ್ಲಿ ನೀವಿದ್ದ ಹಾಗೆ. ಬಾಡಿ ಕಂಟ್ರೋಲ್ ಮಾಡ್ಯೂಲ್ ಅಂತ ಅದರ ಹೆಸರು. ಹೈದರಣ್ಣ ಚಿಕ್ಕದಾಗಿ ಬಿಸಿಎಂ ಅನ್ನುತ್ತಾರೆ. "ನಿಮ್ ಗಾಡಿ ಬಿಸಿಎಂ ಹೋಗೈತೆ" ಅಂದಾಗ ನಿಮ್ಮ ಮಗ "ಬಿಸಿಎಂ ಹಾಸ್ಟೆಲ್‌ಗೂ ನಮ್ ಗಾಡಿಗೂ ಏನ್ರೀ ಸಂಬಂಧ" ಅಂತ ಕೇಳಿದರು. ನಗಬೇಡಿ, ನಾನೂ ಅದನ್ನೇ ಕೇಳಬೇಕು ಅಂತಿದ್ದೆ.

ಆ ಭಾನುವಾರದ ವಿಷಯ ಎತ್ತಿದರೆ ನಿಮಗೆ ಹಿಡಿಸುವುದಿಲ್ಲ. ಆದರೂ ಒಂದು ಸಲ ನನ್ನ ಕಡೆಯಿಂದಲೂ ಕೇಳಿ. ದೇವನಹಳ್ಳಿಯ ಛತ್ರದಲ್ಲಿ ನನ್ನ ತಮ್ಮ ಮುನೀಂದ್ರನ ಮಗುವಿನ ನಾಮಕರಣ. ನಿಮ್ಮ ಮಂಡಿಗೆ ಮೆಟ್ಟಿಲು ಆಗುವುದಿಲ್ಲ ಅಂತ ಗಾಡಿಯನ್ನು ಛತ್ರದ ಬಾಗಿಲಿಗೇ ತಂದು ನಿಲ್ಲಿಸಿದೆ. ನಿಮ್ಮ ಮಗ ಮೊದಲೇ ಊಟದ ಪಂಕ್ತಿಯಲ್ಲಿ ಕೂತಾಗಿತ್ತು. ಕುರ್ಚಿ ತರಿಸಿ ನಿಮ್ಮನ್ನು ಇಳಿಸೋಣ ಅಂತ ನಾನು ಇಳಿದೆ. ಮಗುವಿನ ಕಡಗದ ತಟ್ಟೆ ನಿಮ್ಮ ಮಡಿಲಲ್ಲಿತ್ತು. ನಾನು ಎರಡು ಹೆಜ್ಜೆ ಇಟ್ಟಿಲ್ಲ, ಬಾಗಿಲೆಲ್ಲ ಟಕ್ ಅಂತ ಲಾಕ್ ಆಯಿತು, ಹಾರ್ನು ಒಂದೇ ಸಮ ಪೀ ಅಂತ ಶುರುವಾಯಿತು. ಅಂಥ ಬಿಸಿಲಿನಲ್ಲಿ ವೈಪರ್ರು ಬೇರೆ ಕೈ ಬೀಸತೊಡಗಿತು. ಕೀ ತಿರುಗಿಸಿದರೆ ಬಾಗಿಲು ತೆರೆದುಕೊಳ್ಳುತ್ತಿತ್ತು, ಹಿಡಿಗೆ ಕೈ ಹಾಕುವಷ್ಟರಲ್ಲಿ ಮತ್ತೆ ಲಾಕ್. ನೀವೂ ಒಳಗಿನಿಂದ ಎಳೆದಿರಿ, ಅದೂ ಹಾಗೇ. ಓಲಗದವರು ತಮ್ಮ ವಾದ್ಯ ತಮಗೇ ಕೇಳಿಸದೆ ನಿಲ್ಲಿಸಿ ಹೊರಗೆ ಬಂದರು. ಮೊಬೈಲು ಎತ್ತಿ ಹಿಡಿದವರು ಹಿಡಿದರು, ನಕ್ಕವರು ನಕ್ಕರು. ಕೊನೆಗೆ ನಿಮ್ಮ ಮಗ ಎಂಜಲು ಕೈಯಲ್ಲೇ ಓಡಿಬಂದು ಬಾನೆಟ್ ಎತ್ತಿ ಬ್ಯಾಟರಿಯ ವೈರು ಕಿತ್ತಾಗ ಎಲ್ಲ ನಿಂತಿತು.

ಅಷ್ಟು ಹೊತ್ತಿಗೆ ನಿಮ್ಮ ಸೀರೆ ಬೆವರಿನಲ್ಲಿ ತೊಯ್ದುಹೋಗಿತ್ತು. ಇಳಿದು, ತಟ್ಟೆಯನ್ನು ನನ್ನ ಕೈಗೆ ಕೊಟ್ಟು ನೀವು ಹೇಳಿದ್ದು ಈಗಲೂ ಕಿವಿಯಲ್ಲಿದೆ. "ಕೀ ನಿನ್ ಕೈಯಲ್ಲೇ ಇತ್ತು, ನಗು ನಿನ್ ಬಾಯಲ್ಲೇ ಇತ್ತು. ಗಾಡಿ ಓಡ್ಸೋದ್ ಕಲ್ತ್ ಮ್ಯಾಲೆ ಮನೆ ನಿಂದೇ ಆಯ್ತಲ್ಲ, ಇಟ್ಕೋ." ಅಷ್ಟೇ. ಸೊಂಟದ ಬೀಗದ ಕೈ ಗೊಂಚಲಿನ ಸಮೇತ ಭಾನುಪ್ರಿಯಾಳ ಕಾರು ಹತ್ತಿ ಹೋದಿರಿ. ಆ ಗೊಂಚಲಿನಲ್ಲಿ ರೇಷ್ಮೆ ಹುಳು ಮನೆಯ ಬೀಗದ ಕೈಯೂ ಇತ್ತು ಅಂತ ನಮಗೆ ನೆನಪಾದದ್ದು ಸಂಜೆ ಸೊಪ್ಪು ಹಾಕಲು ಹೋದಾಗ. ಬೀಗ ಒಡೆದೆವು ಅತ್ತೆ, ಬೈಯಬೇಡಿ, ಒಳಗೆ ಹುಳು ಹಸಿದಿದ್ದವು.

ನಾನು ನಕ್ಕೆನಾ? ನನಗೆ ಗಾಬರಿಯಾದರೆ ಬಾಯಿ ತಾನಾಗಿ ನಗುವ ಹಾಗೆ ಆಗಿಬಿಡುತ್ತದೆ. ಇದು ಇಡೀ ಲೋಕದಲ್ಲಿ ಯಾರಿಗೂ ಗೊತ್ತಿಲ್ಲದಿದ್ದರೂ ನಿಮಗೆ ಗೊತ್ತು. ತಾತ ತೀರಿಕೊಂಡ ದಿನ ಹೆಣದ ಮುಂದೆ ನಿಂತು ನಾನು ಹಲ್ಲು ಕಿರಿದಾಗ ನನ್ನ ತಲೆಗೆ ಮೊಟಕಿ, ಆಮೇಲೆ ಅಡುಗೆಮನೆಗೆ ಕರೆದುಕೊಂಡು ಹೋಗಿ ತಬ್ಬಿಕೊಂಡು ಅತ್ತವರು ನೀವು. ಸತ್ತದ್ದು ನಿಮ್ಮ ಅಪ್ಪ, ಆದರೂ ನನ್ನನ್ನು ಸಮಾಧಾನ ಮಾಡಿದಿರಿ. ಈ ಮನೆಗೆ ಸೊಸೆಯಾಗಿ ಬರುವುದಕ್ಕೆ ಮುಂಚೆಯೇ ನಾನು ನಿಮ್ಮ ಅಣ್ಣನ ಮಗಳು, ಆವಾಗಲೂ ಅತ್ತೆ ಅಂತಿದ್ದೆ, ಈಗಲೂ ಅತ್ತೆ ಅಂತೀನಿ. ನೀವೇ ನನ್ನ ಮುಖ ಮರೆತರೆ ಹೇಗೆ? ವೈಪರಿನ ನೀರು ಚಿಮ್ಮಿ ಪುರೋಹಿತರ ಶಲ್ಯದ ಮೇಲೆ ಬಿದ್ದಾಗ ಮಾತ್ರ ಸ್ವಲ್ಪ ನಿಜವಾದ ನಗುವೇ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ನಿಮ್ಮನ್ನು ನೋಡಿ ನಗಲಿಲ್ಲ.

ನೀವು ಹೋದಮೇಲೆ ಇಲ್ಲಿ ನಡೆದ ನಾಟಕ ಕೇಳಿ. ಪಕ್ಕದ ಮನೆಯ ಆದಿನಾರಾಯಣಪ್ಪನವರು ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ಗಾಳಿ ಸೋಕೈತೆ ಆನಂದ, ಅಮಾಸೆ ದಿನ ತಡೆ ಒಡಿ" ಅಂದರು. ನಿಮ್ಮ ಮಗನಿಗೆ ಅಷ್ಟೇ ಸಾಕಾಯಿತು. ಅಮಾವಾಸ್ಯೆ ಸಂಜೆ ಬೂದುಗುಂಬಳ, ನಿಂಬೆಹಣ್ಣು, ಕುಂಕುಮ ಎಲ್ಲ ತಂದರು. ಆದಿನಾರಾಯಣಪ್ಪನವರೇ ಕುಂಬಳಕಾಯಿ ಹಿಡಿದು ನಿವಾಳಿಸುತ್ತಿದ್ದರು. ಇನ್ನೇನು ಒಡೆಯಬೇಕು ಅನ್ನುವಾಗ ಗಾಡಿ ಪೀ ಅಂದಿತು ನೋಡಿ! ಕುಂಬಳಕಾಯಿಯನ್ನು ಅಲ್ಲೇ ಬಿಟ್ಟು ಅವರು ಓಡಿದ ಓಟವನ್ನು ನೀವು ನೋಡಬೇಕಿತ್ತು. ಅವರ ಒಂದು ಚಪ್ಪಲಿ ಇವತ್ತಿಗೂ ನಮ್ಮ ಅಂಗಳದಲ್ಲೇ ಇದೆ, ಕೇಳಲು ನಾಚಿಕೆ ಅವರಿಗೆ. ಆಮೇಲೆ ನಿಮ್ಮ ಮಗ ಹೊಸ ಹಾರ್ನ್ ಹಾಕಿಸಿದರು. ಹೊಸ ಹಾರ್ನು ಇನ್ನೂ ಜೋರಾಗಿ ಕೂಗಿತು. ಬ್ಯಾಟರಿ ಬದಲಾಯಿಸಿದರು. ಬಾಗಿಲ ಲಾಕ್ ಬಿಚ್ಚಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಕೊನೆಗೆ ಒಂದು ರಾತ್ರಿ ಊಟಕ್ಕೆ ಕೂತವರು "ಮಾರ್ಬಿಡಣ ಇದನ್ನ, ಪೀಡೆ" ಅಂದರು. ನನಗೆ ಎಲ್ಲಿತ್ತೋ ಕೋಪ. "ಗಾಡಿ ಮಾರಿದ್ರೆ ನನ್ ಮೇಲಿರೋ ಅಪವಾದನೂ ಮಾರಾಟ ಆಗ್ತದಾ? ಅದು ಕೆಟ್ಟೈತೆ ಅಂತ ತೋರಿಸ್ದೆ ಮಾರಿದ್ರೆ ಅತ್ತೆ ಸಾಯೋವರ್ಗೂ ನಾನೇ ಮಾಡ್ದೆ ಅಂತಾರೆ" ಅಂದೆ. ಅವರು ಮುದ್ದೆ ಮುರಿದರು. ಮಾರನೆಯ ದಿನವೇ ನಾನು ಹೈದರಣ್ಣನನ್ನು ಕರೆಸಿದೆ.

ಹೈದರಣ್ಣ ನಿಮಗೆ ಗೊತ್ತು, ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಾರೆ, ಜಂಭ ಜಾಸ್ತಿ, ಕೈ ಚೆನ್ನಾಗಿದೆ. ಬಂದವರೇ ಫ್ಯೂಸು, ಅರ್ಥ್ ವೈರು ಎಲ್ಲ ನೋಡಿದರು, ಸರಿಯಾಗಿದ್ದವು. ಆಮೇಲೆ ಸ್ಟೇರಿಂಗಿನ ಕೆಳಗಿನ ಒಂದು ಸಾಕೆಟ್ಟಿಗೆ ತಮ್ಮ ಟೆಸ್ಟರ್ ಸಿಕ್ಕಿಸಿದರು. "ತಂಗಿ, ಹಾರ್ನ್ ಮುಟ್ಬೇಡ. ಯಾರೂ ಏನೂ ಮುಟ್ಬೇಡಿ" ಅಂತ ನಮ್ಮನ್ನೆಲ್ಲ ಹಿಂದಕ್ಕೆ ನಿಲ್ಲಿಸಿದರು. ನಾವು ಕೈ ಕಟ್ಟಿಕೊಂಡು ನಿಂತೆವು. ಸ್ವಲ್ಪ ಹೊತ್ತಿಗೆ ಟೆಸ್ಟರಿನ ಮೇಲೆ ಬಂತು ಅತ್ತೆ, ಹಾರ್ನ್ ಒತ್ತಿದ್ದಾರೆ ಅಂತ! ಆಮೇಲೆ ಲಾಕ್ ಒತ್ತಿದ್ದಾರೆ ಅಂತ! ಯಾರೂ ಮುಟ್ಟಿಲ್ಲ, ನನ್ನ ಕೈ ನನ್ನ ಕಂಕುಳಲ್ಲಿದೆ, ಡಬ್ಬಿ ಮಾತ್ರ ಒತ್ತಿದರು ಒತ್ತಿದರು ಅಂತ ಸಾಧಿಸುತ್ತಿದೆ. ನಾನು ಕುಣಿದಾಡಿಬಿಟ್ಟೆ. "ನೋಡಿದ್ರಾ, ನೋಡಿದ್ರಾ, ನಾನಲ್ಲ" ಅಂತ ನಿಮ್ಮ ಮಗನ ತೋಳು ಹಿಡಿದು ಅಲ್ಲಾಡಿಸಿದೆ. ನನ್ನ ಮೇಲೆ ತಪ್ಪು ತಿಳಿದುಕೊಂಡವರು ನೀವೊಬ್ಬರೇ ಅಲ್ಲ, ಡಬ್ಬಿಯೂ ಹಾಗೇ ತಿಳಿದಿತ್ತು. ಅದನ್ನು ಫೋಟೋ ಹೊಡೆದು ಇಟ್ಟುಕೊಂಡಿದ್ದೇನೆ, ಬಂದಾಗ ತೋರಿಸುತ್ತೇನೆ.

ಇನ್ನು ಡಬ್ಬಿ ಬಿಚ್ಚಬೇಕು. ಮೊದಲು ಬ್ಯಾಟರಿಯ ಒಂದು ವೈರು ತೆಗೆದು ಸ್ವಲ್ಪ ಹೊತ್ತು ಸುಮ್ಮನಿರಬೇಕಂತೆ, ಒಳಗಿನ ಕರೆಂಟು ಇಳಿಯಲಿ ಅಂತ. ಆಮೇಲೆ ಹೈದರಣ್ಣ ಮಂಡಿಯೂರಿ ಕೂತು ಕೈ ತೂರಿಸಿದರು, ಹೋಗಲಿಲ್ಲ. ಅವರ ತೋಳು ಒನಕೆಯ ಹಾಗಿದೆ. ನಿಮ್ಮ ಮಗ ತೂರಿಸಿದರು, ಮೊಣಕೈ ಸಿಕ್ಕಿಹಾಕಿಕೊಂಡು "ಅಯ್ಯಯ್ಯಪ್ಪಾ" ಅಂದರು. ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುತ್ತದೆ, ನಾಳೆ ಬರ್ತೀನಿ ಅಂತ ಹೈದರಣ್ಣ ಎದ್ದರು. ನಾಳೆ ಅಂತೆ! ನಾನು ಬಳೆ ಬಿಚ್ಚಿ ಕಿಟಕಿ ಮೇಲಿಟ್ಟು, ನೈಟಿಯ ಮೇಲೆ ನಿಮ್ಮ ಮಗನ ಷರ್ಟು ಹಾಕಿಕೊಂಡು, ಸೀಟಿನ ಮೇಲೆ ಕಾಲು, ಪೆಡಲ್ಲಿನ ಹತ್ತಿರ ತಲೆ ಇಟ್ಟು ಅಂಗಾತ ಮಲಗಿದೆ. ಬೀದಿಯ ಹೆಂಗಸರೆಲ್ಲ ನೋಡಲು ಬಂದರು. ನೋಡಲಿ! ಬೋಲ್ಟನ್ನು ಕೈಯಲ್ಲೇ ಹುಡುಕಿ ಸಡಿಲ ಮಾಡಿದೆ. ಸಾಕೆಟ್ಟುಗಳನ್ನು ವೈರು ಹಿಡಿದು ಎಳೆಯಬಾರದು, ಪಕ್ಕದಲ್ಲಿ ಸಣ್ಣ ನಾಲಿಗೆಯ ಹಾಗಿರುತ್ತದೆ, ಅದನ್ನು ಅದುಮಿ ಮೆತ್ತಗೆ ಬಿಡಿಸಬೇಕು. ಮರಿ ಹುಳುವನ್ನು ನೋಯದ ಹಾಗೆ ಗರಿಯಲ್ಲಿ ಸೊಪ್ಪಿನ ಮೇಲೆ ಇಳಿಸಲು ನೀವು ಕಲಿಸಿದ ಕೈ ಇದು, ಅದಕ್ಕೇ ಬಂತು. ಡಬ್ಬಿ ಕಳಚಿ ನನ್ನ ಎದೆಯ ಮೇಲೆ ಬಿದ್ದಾಗ, ದೇವರಾಣೆ, ಅರ್ಪಿತ ಹುಟ್ಟಿದಾಗ ಆದಷ್ಟು ಖುಷಿಯಾಯಿತು!

ಅದರ ಸಾಕೆಟ್ಟಿನ ಬಾಯಿಯಲ್ಲಿ ಹಸಿರು, ಬಿಳಿ ಪುಡಿ ಕಟ್ಟಿಕೊಂಡಿತ್ತು. ಪಿನ್ನುಗಳೆಲ್ಲ ತುಕ್ಕು ಹಿಡಿದು, ಒಂದರ ಸುದ್ದಿ ಇನ್ನೊಂದಕ್ಕೆ ದಾಟುವ ಹಾಗಾಗಿತ್ತಂತೆ. ಅದಕ್ಕೇ ಯಾರೂ ಒತ್ತದೆ ಒತ್ತಿದ ಹಾಗೆ. ಹೈದರಣ್ಣ ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿ, ನನ್ನ ಮುಖ ನೋಡಿದರು. ನಾನೂ ಮೂಸಿದೆ. "ಇಲಿ ಇರ್ಬೇಕು ಅಣ್ಣ. ಇಲಿ ಉಚ್ಚೆ ಹುಯ್ದದೆ" ಅಂದೆ. ಅವರು ಡಬ್ಬಿಯನ್ನು ಬಟ್ಟೆಯಲ್ಲಿ ಒರೆಸುತ್ತಾ, "ಹೌದೌದು, ಇಲಿ. ಇಲೀನೇ" ಅಂದರು. ನಿಮ್ಮ ಮಗ ಅವತ್ತೇ ಸಂತೆಗೆ ಹೋಗಿ ಎರಡು ಬೋನು ತಂದು ಷೆಡ್ಡಿನಲ್ಲಿಟ್ಟಿದ್ದಾರೆ, ದಿನಾ ಬೆಳಿಗ್ಗೆ ಹೋಗಿ ನೋಡುತ್ತಾರೆ.

ಹೊಸ ಡಬ್ಬಿ ಯಾಕೆ, ಗುಜರಿಯಲ್ಲಿ ಸಿಗುತ್ತದೆ ಅಂತ ಹೈದರಣ್ಣ ಹೊಸಕೋಟೆಯಿಂದ ಒಂದು ಹಳೆಯದನ್ನು ತಂದರು. "ಸೇಮ್ ಗಾಡೀದು ತಂಗಿ, ಹಾಕಿದ್ರೆ ಆಯ್ತು, ಐದ್ ನಿಮಿಷ" ಅಂತ ಮೀಸೆ ತಿರುವಿದರು. ಹಾಕಿದೆ. ಕೂತಿತು. ಕೀ ತಿರುಗಿಸಿದರೆ ಇಂಜಿನ್ನು ಗರ್ ಅನ್ನಲೂ ಇಲ್ಲ. ಅದು ಬೇರೆ ಯಾರದೋ ಗಾಡಿಯಲ್ಲಿ ಬಾಳಿದ ಡಬ್ಬಿ, ಆ ಮನೆಯ ಕೀ ಮಾತ್ರ ಗೊತ್ತು, ನಾವು ಅದರ ಪಾಲಿಗೆ ಕಳ್ಳರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಅಂತ ನನಗೆ ಅಳುವೇ ಬಂತು. ಹೈದರಣ್ಣನ ಮೀಸೆಯೂ ಇಳಿಯಿತು. ಆಮೇಲೆ ಕಂಪನಿಯಿಂದಲೇ ನಮ್ಮ ಗಾಡಿಯ ನಂಬರು ಕೊಟ್ಟು ಹೊಸದನ್ನು ತರಿಸಿದೆವು. ಅದು ಬಂದದ್ದು ಮೊನ್ನೆ. ಮತ್ತೆ ನಾನೇ ಮಲಗಿ ಹಾಕಿದೆ. ಹೊಸದಕ್ಕೆ ಎಲ್ಲವನ್ನೂ ಕಲಿಸಬೇಕು, ಇದು ಯಾವ ಗಾಡಿ, ಎಷ್ಟು ಬಾಗಿಲು, ಹಿಂದೆ ವೈಪರ್ ಇದೆಯೋ ಇಲ್ಲವೋ ಅಂತ. ಹೈದರಣ್ಣ ಯಾರದೋ ಲ್ಯಾಪ್‌ಟಾಪ್ ತಂದು ಒಂದೊಂದೇ ತುಂಬಿದರು. ಹೊಸ ಸೊಸೆಗೆ ಉಪ್ಪಿನ ಡಬ್ಬ ಎಲ್ಲಿ, ಮೆಣಸಿನ ಡಬ್ಬ ಎಲ್ಲಿ ಅಂತ ತೋರಿಸಿದ ಹಾಗಿತ್ತು.

ಕೊ​ನೆಯಲ್ಲಿ ಅದು ಕೇಳಿತು, ಈ ಗಾಡಿಗೆ ಎಷ್ಟು ಕೀ? ನಿಮ್ಮ ಮಗ "ಒಂದು ಅಂತ ಹಾಕಿ, ಕೆಲ್ಸ ಮುಗೀಲಿ" ಅಂದರು. ಹೈದರಣ್ಣನೂ "ಇನ್ನೊಂದು ಕಳ್ದೋಗಿದ್ರೆ ಒಂದೇ ಹಾಕಣ" ಅಂದರು. "ಕಳ್ದಿಲ್ಲ, ಸೂಲಿಬೆಲೇಲಿ ಐತೆ. ಎರಡು ಅಂತ ಹಾಕಿ" ಅಂದೆ. ಗಾಡಿ ತಂದ ದಿನ ನಿಮ್ಮ ಗೊಂಚಲಿಗೆ ಆ ಎರಡನೆಯ ಕೀಯನ್ನು ನಾನೇ ಪೋಣಿಸಿದ್ದು ನೆನಪಿದೆಯಾ ಅತ್ತೆ? "ನಂಗ್ಯಾಕೆ, ನಾನೇನ್ ಓಡಿಸ್ತೀನಾ" ಅಂತ ಬೈದಿರಿ, ಆಮೇಲೆ ಮಾರುಕಟ್ಟೆಗೆ ಹೋದಾಗಲೆಲ್ಲ ಸೆರಗು ಸರಿಸಿ ಅದು ನಾಲ್ಕು ಜನಕ್ಕೆ ಕಾಣುವ ಹಾಗೆ ನಿಲ್ಲುತ್ತಿದ್ದಿರಿ. ನನ್ನ ಕೀಯನ್ನು ಡಬ್ಬಿ ಕಲಿತುಕೊಂಡಿತು. ಎರಡನೆಯದನ್ನು ತೋರಿಸಿ ಅಂತ ಕಾಯಿತು. ಕಾದೂ ಕಾದೂ ಬೇಸತ್ತು ತಾನಾಗಿ ನಿಂತುಹೋಯಿತು. ಆ ಕೀ ಬಂದಾಗ ಇನ್ನೊಂದು ಸಲ ಬಂದು ಕಲಿಸಿಕೊಡುತ್ತೇನೆ ಅಂತ ಹೈದರಣ್ಣ ಒಪ್ಪಿದ್ದಾರೆ. ಅಲ್ಲಿಯವರೆಗೆ ನಿಮ್ಮ ಕೀಯನ್ನು ಗಾಡಿ ಗುರುತು ಹಿಡಿಯುವುದಿಲ್ಲ.

ನಿನ್ನೆ ಒಬ್ಬಳೇ ದೇವನಹಳ್ಳಿಗೆ ಹೋಗಿದ್ದೆ. ಅದೇ ಛತ್ರದ ಮುಂದೆ, ಅದೇ ಜಾಗದಲ್ಲಿ ಗಾಡಿ ನಿಲ್ಲಿಸಿ, ಗಾಜು ಏರಿಸಿ, ಲಾಕ್ ಮಾಡಿಕೊಂಡು ನೀವು ಕೂತಿದ್ದ ಸೀಟಿನಲ್ಲಿ ಕೂತೆ. ಗಾಡಿಯನ್ನು ಪರೀಕ್ಷೆ ಮಾಡೋಣ ಅಂತ ಹೋದದ್ದು. ಹಾರ್ನು ಇಲ್ಲ, ಏನಿಲ್ಲ, ಮಗು ಮಲಗಿದ ಹಾಗೆ ಮಲಗಿತ್ತು ಗಾಡಿ. ಆದರೆ ಸ್ವಲ್ಪ ಹೊತ್ತಿಗೆಲ್ಲ ಸೆಕೆ ಹತ್ತಿತು. ಹೊರಗೆ ಹೋಗುವವರೆಲ್ಲ ಬಗ್ಗಿ ನೋಡಿ ಹೋಗುತ್ತಿದ್ದರು. ಒಳಗೆ ಕೂತವರಿಗೆ ಹೊರಗಿನವರ ಮಾತು ಕೇಳುವುದಿಲ್ಲ, ಬಾಯಿ ಮಾತ್ರ ಕಾಣುತ್ತದೆ. ಯಾರು ಮಾತಾಡಿದರೂ ನಕ್ಕ ಹಾಗೇ ಕಾಣುತ್ತದೆ. ಕಿಟಕಿ ಕಡೆ ನೋಡದೆ ತಲೆ ತಗ್ಗಿಸಿದೆ ಅತ್ತೆ. ಈ ಮಂಡಿ ಇಟ್ಟುಕೊಂಡು, ಆ ಸದ್ದಿನಲ್ಲಿ, ಅಷ್ಟು ಜನರ ಮುಂದೆ ನೀವು ಹೇಗೆ ಕೂತಿದ್ದಿರೋ. ನೀವು ಸಿಟ್ಟಾದದ್ದರಲ್ಲಿ ತಪ್ಪಿಲ್ಲ. ಆಮೇಲೆ ಬಾಗಿಲು ತೆರೆದೆ, ಒಂದೇ ಸಲಕ್ಕೆ ತೆರೆದುಕೊಂಡಿತು. ಇಳಿದು ಒಬ್ಬಳೇ ನಿಂತು ಸ್ವಲ್ಪ ಅತ್ತು ಬಂದೆ.

ಮುಂದಿನ ಬುಧವಾರ ಮೊಟ್ಟೆ ಬರುತ್ತವೆ. ಚಾಕಿ ಕಟ್ಟಬೇಕು, ಮರಿಗಳನ್ನು ರೈತರಿಗೆ ಕೊಡುವಷ್ಟು ಬೆಳೆಸಬೇಕು. ನಿಮ್ಮ ಮಗನ ಕೈ ಭಾರ, ಗರಿ ಹಿಡಿದರೆ ಪೊರಕೆ ಹಿಡಿದ ಹಾಗೆ ಗುಡಿಸುತ್ತಾರೆ. ಹುಳು ಬೇಕು ಅಂತ ಹೇಳಿಹೋಗುವ ರೈತರೆಲ್ಲ ಮೊದಲು ಕೇಳುವುದು "ಲಕ್ಕಮ್ಮನೋರು ಬಂದವ್ರಾ" ಅಂತ. ನಮ್ಮ ಚಾಕಿ ಹುಳುವಿಗೆ ಇದುವರೆಗೆ ರೋಗ ಅಂಟಿಲ್ಲ ಅನ್ನುವ ಹೆಸರು ನಿಮ್ಮ ಶುಚಿತ್ವದಿಂದ ಬಂದದ್ದು. ಬ್ಲೀಚಿಂಗ್ ನೀರಲ್ಲಿ ಕಾಲಿಡದೆ ಸ್ವಂತ ಅಳಿಯನನ್ನೇ ಹುಳು ಮನೆಯೊಳಗೆ ಬಿಟ್ಟವರಲ್ಲ ನೀವು. ಕಾಲು ತೊಳೆಸುವವರು ಯಾರೂ ಇಲ್ಲದೆ ಬಾಗಿಲ ಬೋಗುಣಿ ಒಣಗಿ ನಿಂತಿದೆ.

ಭಾನುಪ್ರಿಯಾಗೆ, ಅವಳ ಮನೆಯವರಿಗೆ ನನ್ನ ನೆನಪು ತಿಳಿಸಿ. ಈ ಕಾಗದವನ್ನು ಅವರೂ ಓದಬಹುದು, ನಾನು ಡಬ್ಬಿ ಬಿಚ್ಚಿದ ಭಾಗವನ್ನು ಬೇಕಾದರೆ ಎರಡು ಸಲ ಓದಲಿ. ಒಳಗೆ ಮಡಿಸಿಟ್ಟ ಚೀಟಿ ಮಾತ್ರ ನಿಮಗೆ. ಅರ್ಪಿತ ನಿಮ್ಮ ಕಾಲಿಗೆ ಬಿದ್ದಿದ್ದಾಳೆ, ನಿಮ್ಮ ಮಗ ನಾನು ಬರೆಯುವಾಗ ಎರಡು ಸಲ ಬಂದು ಬಗ್ಗಿ ನೋಡಿ ಹೋದರು. ನಿಮ್ಮ ಆಶೀರ್ವಾದ ನಮ್ಮೆಲ್ಲರ ತಲೆಯ ಮೇಲಿರಲಿ, ಮೊಟಕಿದರೂ ಸರಿ.

ನಿಮ್ಮ ಅಣ್ಣನ ಮಗಳು, ನಿಮ್ಮ ಸೊಸೆ,
ಶಶಿರೇಖಾ

(ಚೀಟಿ)

ಅತ್ತೆ, ಕಾಗದ ತರುವ ಮುನಿರಾಮಯ್ಯ ಬಾಗಿಲಲ್ಲೇ ನಿಂತು ಬಸ್ಸು ಬಸ್ಸು ಅಂತಿದ್ದಾರೆ, ಬೇಗ ಬೇಗ ಬರೆಯುತ್ತೇನೆ. ಓದಿ ಒಲೆಗೆ ಹಾಕಿಬಿಡಿ.

ಇಲಿ ಅಲ್ಲ. ಬ್ಲೀಚಿಂಗ್ ನೀರು. ಮೂಸಿದ ತಕ್ಷಣ ಗೊತ್ತಾಯಿತು, ಆ ವಾಸನೆ ನನಗೆ ಗೊತ್ತಾಗದೆ ಇರುತ್ತದಾ, ನಿಮ್ಮ ಸೀರೆಯಲ್ಲೂ ಅದೇ ಇರುತ್ತದೆ. ರೈತರಿಗೆ ಕೊಡಲು ಗಾಡಿಗೆ ಹುಳುವಿನ ಟ್ರೇ ತುಂಬುವ ಮುಂಚೆ "ರೋಗ ಮೂಲೇಲೇ ಕೂತಿರ್ತದೆ" ಅಂತ ಸ್ಟೇರಿಂಗಿನ ಕೆಳಗೂ ಪೈಪು ತೂರಿಸಿ ಕ್ಯಾನು ಖಾಲಿಯಾಗುವವರೆಗೆ ಹೊಡೆಯುತ್ತಿದ್ದಿರಲ್ಲ, ಆ ನೀರು ಡಬ್ಬಿಯೊಳಗೆ ಇಳಿದಿದೆ. ನಿಮ್ಮ ಮಗನಿಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಬೋನಿಗೆ ನಿಜವಾಗಿಯೂ ಒಂದು ಇಲಿ ಬಿತ್ತು, ಪಾಪದ್ದು, ಅದಕ್ಕೇ ಎಲ್ಲರೂ ಬೈದರು. ಹೈದರಣ್ಣ ಬಾಯಿ ಬಿಡುವುದಿಲ್ಲ, ಅವರ ಮನೆಯಲ್ಲೂ ಅಮ್ಮ ಇದ್ದಾರೆ. ಈ ಮಾತು ನಿಮ್ಮ ನನ್ನ ನಡುವೆಯೇ ಇರಲಿ. ಇನ್ನು ಮುಂದೆ ಟ್ರೇಗಳಿಗೆ ನೀವು ಎಷ್ಟು ಬೇಕಾದರೂ ಹೊಡೆಯಿರಿ, ಸ್ಟೇರಿಂಗಿನ ಕೆಳಗೆ ನಾನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ.

ಭಾನುವಾರ ಬೆಳಿಗ್ಗೆ ಬರುತ್ತೇನೆ. ಕೀ ಗೊಂಚಲು ಸೊಂಟದಲ್ಲೇ ಇರಲಿ, ಹೈದರಣ್ಣ ಸಂಜೆಗೆ ಬರುತ್ತಾರೆ. ಬಾಗಿಲಲ್ಲಿ ಹಾರ್ನ್ ಕೇಳಿಸಿದರೆ ಹೆದರಬೇಡಿ ಅತ್ತೆ, ಈ ಸಲ ಒತ್ತಿದ್ದು ನಾನೇ.

ಶಶಿ